ಎಡಗೈ ಹುಡುಗನ ಬದಲಿಗೆ

ಟಪೀಕಾ, ಕ್ಯಾನ್ಸಸ್
ಮೇ 29, 1988

ರಸೆಲ್,

ನಿನ್ನ ಆಫೀಸಿನ ಪಟ್ಟಿ ತಲುಪಿತು. ‘ಬೇರೆ ತಂಡದವರು ಕೇಳಿದರೆ ಕೊಡಬಹುದಾದ ಹುಡುಗರು’ ಎಂದು ಮೇಲೆ ಟೈಪ್ ಮಾಡಿಸಿದ್ದೀಯ. ಹನ್ನೊಂದು ಹೆಸರುಗಳಿವೆ. ಒಂಬತ್ತನೆಯದು ವೆಸ್ಲಿ ಕುಬಾತ್. ಆ ಹೆಸರನ್ನು ಅಲ್ಲಿ ಸೇರಿಸಿದವರು ಯಾರೋ, ಅವನ ಆಟವನ್ನು ಒಂದು ಸಲವೂ ನೋಡಿದವರಲ್ಲ.

ನಾನು ನಿನ್ನೆ ಇಲ್ಲಿ, ನಮ್ಮ ಕಿರಿಯರ ಬೇಸ್‌ಬಾಲ್ ತಂಡದ ಆಟದಲ್ಲಿ ನೋಡಿದೆ. ಬೆಂಚು ಸುಡುವಷ್ಟು ಬಿಸಿಲು. ಇನ್ನೂರು ಜನ ಇದ್ದಿರಬಹುದು, ಅವರಲ್ಲಿ ಅರ್ಧ ಮಂದಿ ಐಸ್‌ಕ್ರೀಮಿಗೆ ಬಂದವರು. ವೆಸ್ಲಿ ಒಂಬತ್ತರಲ್ಲಿ ಏಳು ಇನಿಂಗ್ಸ್ ಎಸೆದ. ನಾಲ್ಕನೆಯದರಲ್ಲಿ ಹಿಂದೆ ನಿಂತಿದ್ದವನು ಸುಲಭದ ಕ್ಯಾಚೊಂದನ್ನು ಕೈಬಿಟ್ಟು ಎರಡು ರನ್ ಹೋದವು. ಚೆಂಡೆಸೆಯುವ ಇಪ್ಪತ್ತು ವರ್ಷದ ಬೇರೆ ಯಾವ ಪಿಚರ್ ಆಗಿದ್ದರೂ ಕೈಗವಸನ್ನು ನೆಲಕ್ಕೆ ಅಪ್ಪಳಿಸುತ್ತಿದ್ದ. ಇವನು ಬೆನ್ನು ತಿರುಗಿಸಿ ಕೂತು, ಬಿಚ್ಚಿರದ ಶೂ ದಾರವನ್ನು ಬಿಚ್ಚಿ ಕಟ್ಟಿಕೊಂಡ. ಕ್ಯಾಚ್ ಬಿಟ್ಟವನಿಗೆ ಮುಖ ಸರಿಮಾಡಿಕೊಳ್ಳಲು ಪುರುಸೊತ್ತು ಕೊಡುತ್ತಿದ್ದ ಎಂದು ನನಗೆ ಆಮೇಲೆ ಹೊಳೆಯಿತು.

ಅವನ ಎಡಗೈಯಿಂದ ಬರುವ ತಿರುವು ಚೆಂಡು ಮೇಜಿನ ಅಂಚಿನಿಂದ ಜಾರಿದ ಲೋಟದ ಹಾಗೆ ಬೀಳುತ್ತದೆ. ದೊಡ್ಡ ಲೀಗಿಗೆ ಸಿದ್ಧವಾಗಲು ಇನ್ನೂ ಎರಡು ವರ್ಷ ಬೇಕು, ಮೂರೂ ಆದೀತು. ಊರೂರು ಅಲೆದು ಎಳೆಯರನ್ನು ಹುಡುಕುವ ಈ ಕೆಲಸ ಹಿಡಿದು ನನಗೆ ಮೂವತ್ತನಾಲ್ಕು ವರ್ಷ. ಇಂಥವನನ್ನು ಕಂಡದ್ದು ಮೂರೋ ನಾಲ್ಕೋ ಸಲ. ನೀನು ಬಾರ್ಜರ್ಸ್ ತಂಡದ ಜನರಲ್ ಮ್ಯಾನೇಜರ್. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕೊಡಬೇಕು ಎಂಬುದು ನಿನ್ನ ತೀರ್ಮಾನ. ಉಳಿದ ಹತ್ತು ಮಂದಿಯನ್ನು ಯಾರಿಗೆ ಬೇಕಾದರೂ ಕೊಡು. ಒಂಬತ್ತನೆಯ ಹೆಸರನ್ನು ತೆಗೆದುಬಿಡು.

ಬೆನ್ನು ನೋವು ಇದ್ದ ಹಾಗೇ ಇದೆ. ಈ ಮೋಟೆಲಿನ ಕಾಫಿಯೂ ಹಾಗೇ ಇದೆ.

ಆಲ್ವಿನ್ ಸ್ಟ್ರಾಂಡ್

—

ಗ್ರೇಸನ್‌ಪೋರ್ಟ್, ಒಹಾಯೋ
ಜೂನ್ 14, 1988

ಆಲ್ವಿನ್ ಸ್ಟ್ರಾಂಡ್ ಅವರಿಗೆ,

ನಿಮ್ಮ ಪತ್ರ ಓದಿದೆ. ಆದರೆ ಈಗ ಆ ಹೆಸರನ್ನು ತೆಗೆಯುವ ಹಾಗಿಲ್ಲ.

ಪೋರ್ಟ್‌ಲ್ಯಾಂಡ್ ತಂಡದವರು ಗ್ಯಾರಿ ಟಾಲಿವರ್‌ನನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ. ಅವರು ಲೀಗಿನ ಅಂಕಪಟ್ಟಿಯ ತಳದಲ್ಲಿದ್ದಾರೆ, ಮುಂದಿನ ವರ್ಷಗಳಿಗಾಗಿ ಎಳೆಯರನ್ನು ಕೂಡಿಹಾಕುತ್ತಿದ್ದಾರೆ. ಟಾಲಿವರ್‌ಗೆ ಮೂವತ್ಮೂರು ವರ್ಷ. ಈ ಲೀಗಿನಲ್ಲಿ ಅವನಿಗಿಂತ ಒಳ್ಳೆಯ ಪಿಚರ್ ಇಬ್ಬರಿರಬಹುದು, ಮೂವರಿಲ್ಲ. ಬದಲಿಗೆ ಅವರು ಮೂರು ಹುಡುಗರನ್ನು ಕೇಳುತ್ತಾರೆ. ಇಬ್ಬರು ಯಾರಾದರೂ ಆದೀತು. ಮೂರನೆಯವನು ಕುಬಾತ್ ಆಗಬೇಕು, ಇಲ್ಲದಿದ್ದರೆ ಮಾತೇ ಇಲ್ಲ ಎನ್ನುತ್ತಾರೆ.

ನಾವು ಮೊದಲ ಸ್ಥಾನಕ್ಕೆ ನಾಲ್ಕೇ ಗೆಲುವಿನ ದೂರದಲ್ಲಿದ್ದೇವೆ. ಇಪ್ಪತ್ತೊಂಬತ್ತು ವರ್ಷದಿಂದ ಈ ಊರು ಲೀಗ್ ಗೆದ್ದವರ ಬಾವುಟ ಕಂಡಿಲ್ಲ. ಮಾಲೀಕ ಕ್ರಾಂಟ್ಸ್ ಅವರಿಗೆ ಎಂಬತ್ತೊಂದಾಯಿತು. ದಿನಾ ಬೆಳಿಗ್ಗೆ ನನ್ನ ಕೋಣೆಗೆ ಬರುತ್ತಾರೆ, ಕೋಟು ತೆಗೆಯದೆ ಕೂರುತ್ತಾರೆ. "ಹುಡುಗರು ಬೆಳೀತಾರೆ ಅಂತೀಯಲ್ಲ, ನಾನು ಬೆಳೆಯೋಕಾಗುತ್ತೇನಯ್ಯಾ?" ಎಂದು ನಿನ್ನೆ ಕೇಳಿದರು.

ಜುಲೈ ಮುಗಿಯುವುದರೊಳಗೆ ತೀರ್ಮಾನವಾಗಬೇಕು. ಆಮೇಲೆ ವಿನಿಮಯಕ್ಕೆ ಅವಕಾಶವಿಲ್ಲ. ನೀವು ಪೋರ್ಟ್‌ಲ್ಯಾಂಡ್‌ಗೆ ಹೋಗಿ ಟಾಲಿವರ್ ಎಸೆಯುವುದನ್ನು ಮೂರು ಸಲ ನೋಡಬೇಕು. ಆ ತೋಳಿನಲ್ಲಿ ಎಷ್ಟು ಉಳಿದಿದೆ, ಕುಬಾತ್‌ನನ್ನು ಕೊಟ್ಟು ಅವನನ್ನು ತರಬಹುದೇ ಎಂದು ಬರೆದು ಕಳಿಸಿ. ಫೋನ್ ಬೇಡ. ಫೋನಿನಲ್ಲಿ ನಾವಿಬ್ಬರೂ ಹವಾಮಾನ ಮಾತಾಡಿ ಇಟ್ಟುಬಿಡುತ್ತೇವೆ. ನಿಮ್ಮ ವರದಿ ಏನು ಹೇಳುತ್ತದೋ ಅದರಂತೆ ಮಾಡುತ್ತೇನೆ. ಆ ಆಟಗಳ ಟಿಕೆಟ್ಟುಗಳನ್ನು ಆಫೀಸಿನ ಲೊರೇನ್ ಇದರ ಜೊತೆ ಇಟ್ಟಿದ್ದಾಳೆ.

ರಸೆಲ್ ಸ್ಟ್ರಾಂಡ್
ಜನರಲ್ ಮ್ಯಾನೇಜರ್

—

ಪೋರ್ಟ್‌ಲ್ಯಾಂಡ್, ಓರೆಗಾನ್
ಜೂನ್ 28, 1988

ರಸೆಲ್,

ಎರಡು ಆಟ ನೋಡಿದೆ. ಎರಡರಲ್ಲೂ ಟಾಲಿವರ್ ಗೆದ್ದ.

ಇಲ್ಲಿ ನನ್ನ ಹಾಗೇ ಕಳಿಸಲ್ಪಟ್ಟ ಮುದುಕರು ಆರು ಮಂದಿ ಇದ್ದೇವೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತೇವೆ, ಎಲ್ಲರ ಕೈಯಲ್ಲೂ ವೇಗ ಅಳೆಯುವ ಯಂತ್ರ, ಎಲ್ಲರ ಬಾಯಲ್ಲೂ ಸೂರ್ಯಕಾಂತಿ ಬೀಜ. ನಾನು ಹೋಗಿ ಕೂತ ಕೂಡಲೇ ಒಬ್ಬ, "ಏನಪ್ಪಾ ಆಲ್ವಿನ್, ಮಗರಾಯ ಸಂತೆಗೆ ಕಳಿಸಿದ್ನಾ?" ಎಂದ. "ಬುಟ್ಟಿ ಎಲ್ಲಿ?" ಎಂದ ಇನ್ನೊಬ್ಬ. ನಗಲಿ. ಅವರಿಗೂ ಮಂಡಿ ನೋವು, ಅವರಿಗೂ ಮನೆಯಲ್ಲಿ ಯಾರೂ ಇಲ್ಲ.

ಟಾಲಿವರ್‌ನ ವೇಗ ಕಳೆದ ವರ್ಷಕ್ಕಿಂತ ಗಂಟೆಗೆ ಎರಡು ಮೈಲಿ ಕಮ್ಮಿಯಾಗಿದೆ. ಬೇರೆಯವರು ಅದನ್ನು ಬರೆದುಕೊಂಡು ತಲೆಯಾಡಿಸಿದರು. ಆದರೆ ಅವನು ಬ್ಯಾಟ್ ಹಿಡಿದವನ ಪಾದ ನೋಡಿ ಎಸೆಯುತ್ತಾನೆ. ಆತ ಪಾದ ಸ್ವಲ್ಪ ಹಿಂದಕ್ಕೆಳೆದರೆ ಸಾಕು, ಚೆಂಡು ಬೇರೆ ಕಡೆ ಹೋಗುತ್ತದೆ. ಇದನ್ನು ಯಾರಿಂದಲೂ ಕಲಿಸಲಾಗುವುದಿಲ್ಲ. ವಯಸ್ಸು ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಕೊಡುವುದು ಇದೊಂದನ್ನೇ.

ಒಂದು ವಿಷಯ ಮಾತ್ರ ಸರಿಕಾಣಲಿಲ್ಲ. ಆಟ ಮುಗಿದ ಮೇಲೆ ಅವನು ಎದುರು ತಂಡದವರ ಕೈ ಕುಲುಕಿದ್ದು ಎಡಗೈಯಿಂದ. ಅವನು ಎಸೆಯುವುದು ಬಲಗೈಯಲ್ಲಿ.

ಇನ್ನೊಂದು ಆಟ ನೋಡಿ ಬರೆಯುತ್ತೇನೆ.

ಆಲ್ವಿನ್ ಸ್ಟ್ರಾಂಡ್

—

ಪೋರ್ಟ್‌ಲ್ಯಾಂಡ್
ಜುಲೈ 8, 1988

ರಸೆಲ್,

ಇದು ವರದಿಯಲ್ಲ. ವರದಿ ಬರೆಯಲು ಕೂತರೆ ಬರುತ್ತಿಲ್ಲ. ಸುಮ್ಮನೆ ನಡೆದದ್ದನ್ನು ಹೇಳುತ್ತೇನೆ.

ಮೂರನೆಯ ಆಟದ ಮಾರನೆಯ ದಿನ ಮೈದಾನಕ್ಕೆ ಹೋದೆ. ಆಟಗಾರರ ಬಾಗಿಲ ಬಳಿ ಮೆಟ್ಟಿಲ ಮೇಲೆ ಟಾಲಿವರ್ ಒಬ್ಬನೇ ಕೂತಿದ್ದ. ನನ್ನನ್ನು ನೋಡಿ, "ನೀವು ಆಲ್ವಿನ್ ಸ್ಟ್ರಾಂಡ್ ಅಲ್ವಾ?" ಎಂದ.

"ಹೌದು."

"ನಾನು ಹದಿನೆಂಟರವನಿದ್ದಾಗ ನಮ್ಮೂರಿಗೆ ಬಂದಿದ್ರಿ. ನಾನು ಬೇಡ ಅಂತ ಬರೆದ್ರಂತೆ."

"ಬರೆದೆ. ಆಗ ನೀನೆಸೆದ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ನಿಂಗೇ ಗೊತ್ತಿರ್ಲಿಲ್ಲ."

ಜೋರಾಗಿ ನಕ್ಕ. "ಈಗ ಗೊತ್ತು ನೋಡಿ. ಆದ್ರೆ ಅದಕ್ಕೆ ಹೋಗೋಕೆ ಮನಸ್ಸಿಲ್ಲ."

ಪಕ್ಕದಲ್ಲಿ ಕೂತೆ. ಮೊಣಕೈ ಎಷ್ಟು ನೋಯುತ್ತದೆ ಎಂದು ನೇರವಾಗಿ ಕೇಳಿದೆ. "ಎಸೆದ ಮಾರನೇ ದಿನ ಈ ಕೈಲಿ ತಲೆ ಬಾಚೋಕಾಗಲ್ಲ. ಮೂರನೇ ದಿನ ಬಾಚ್ತೀನಿ. ಐದನೇ ದಿನ ಮತ್ತೆ ಎಸೀತೀನಿ" ಎಂದ.

"ಇದನ್ನ ನಂಗ್ಯಾಕಪ್ಪಾ ಹೇಳ್ತೀಯ? ನಾನು ನಿನ್ನ ಕೊಳ್ಳೋಕೆ ಬಂದವನು."

"ನೀವು ಕೇಳಿದ್ರಿ. ಇಲ್ಲಿ ಯಾರೂ ಕೇಳ್ಲೇ ಇಲ್ಲ."

ಎಡಗೈಯಿಂದ ಬಲ ಮೊಣಕೈ ಹಿಡಿದುಕೊಂಡ. ಆಮೇಲೆ, "ಹನ್ನೆರಡು ವರ್ಷ ಆಯ್ತು ಯಜಮಾನ್ರೇ. ಸೆಪ್ಟೆಂಬರ್‌ನಲ್ಲಿ, ಗೆಲ್ಲಲೇಬೇಕು ಅನ್ನೋ ಆಟ ಒಂದನ್ನೂ ನಾನು ಎಸೆದಿಲ್ಲ. ಯಾವಾಗ್ಲೂ ಸೋತ ತಂಡದಲ್ಲೇ ಇದ್ದೆ. ಈ ಕೈಲಿ ಅಂಥಾ ಆಟಕ್ಕೆ ಬೇಕಾದಷ್ಟು ಇದೆ. ಅದಕ್ಕಿಂತ ಜಾಸ್ತಿ ಇದೆ ಅಂತ ನಾನು ಹೇಳಲ್ಲ" ಎಂದ.

ನನಗೆ ಇನ್ನೂ ಎರಡು ವಾರ ಬೇಕು. ಯೋಚಿಸಬೇಕು.

ಆಲ್ವಿನ್

—

ಗ್ರೇಸನ್‌ಪೋರ್ಟ್
ಜುಲೈ 17, 1988

ಅಪ್ಪಾ,

ಇದನ್ನು ಲೊರೇನ್ ಕೈಗೆ ಟೈಪ್ ಮಾಡಲು ಕೊಡಲಿಲ್ಲ. ನಾನೇ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದೆ, ಸಹಿಸಿಕೋ.

ಎರಡು ವಾರ ಯೋಚಿಸಬೇಕಾದ್ದು ಏನಿದೆ? ಮೊಣಕೈ ನೋವು ಎಂದು ಅವನೇ ಬಾಯಿಬಿಟ್ಟು ಹೇಳಿದ್ದಾನೆ. ‘ಬೇಡ’ ಎಂದು ಒಂದು ಸಾಲು ಬರಿ, ಮುಗಿಯುತ್ತದೆ. ನಿಜ ಹೇಳಲೇ? ನಿನ್ನನ್ನು ಅಲ್ಲಿಗೆ ಕಳಿಸಿದ್ದೇ ಅದಕ್ಕೆ. ವೆಸ್ಲಿ ನಿನ್ನ ಹುಡುಗ, ನೀನು ಅವನನ್ನು ಬಿಟ್ಟುಕೊಡುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ನಿನ್ನ ಕಾಗದವನ್ನು ಕ್ರಾಂಟ್ಸ್ ಅವರ ಮುಂದಿಟ್ಟು, "ನೋಡಿ, ಆಲ್ವಿನ್ನೇ ಬೇಡ ಅಂತಿದ್ದಾನೆ" ಎಂದರೆ ಅವರು ಸುಮ್ಮನಾಗುತ್ತಾರೆ. ಈ ತಂಡದಲ್ಲಿ ಅವರು ನಂಬುವುದು ನಿನ್ನೊಬ್ಬನನ್ನು. ನನಗೆ ಸಾಕಾಗಿದೆ ಅಪ್ಪಾ. ಈ ವಿನಿಮಯ ಮಾಡಿದರೂ ಬೈಯುತ್ತಾರೆ, ಮಾಡದಿದ್ದರೂ ಬೈಯುತ್ತಾರೆ. ಯಾರಾದರೊಬ್ಬರು ನನ್ನ ಬದಲಿಗೆ ಬೇಡ ಎನ್ನಲಿ ಎನ್ನಿಸುತ್ತದೆ.

ಕ್ರಾಂಟ್ಸ್ ಅವರು ನಿನ್ನನ್ನು ಯಾಕೆ ನಂಬುತ್ತಾರೆ ಎಂಬುದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತು. ನನಗೆ ಹದಿನೇಳಾಗಿತ್ತು. ನೀನು ಮೂರು ವಾರದ ಮೇಲೆ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಅಮ್ಮ ರಸ್ತೆ ನಕ್ಷೆ ತಾ ಎಂದು ನನ್ನನ್ನು ಕಾರಿಗೆ ಕಳಿಸಿದಳು. ನಕ್ಷೆಯ ಕೆಳಗೆ ನಿನ್ನ ವರದಿ ಕಾರ್ಡುಗಳ ಕಟ್ಟಿತ್ತು. ಮೇಲಿನದರಲ್ಲಿ ನನ್ನ ಹೆಸರಿತ್ತು. ‘ಸ್ಟ್ರಾಂಡ್, ರಸೆಲ್. ಬಲಗೈ. 17. ತಲೆ ಚುರುಕು. ತೋಳು ಸಾಧಾರಣ, ಇನ್ನು ಬೆಳೆಯುವುದಿಲ್ಲ. ಶಿಫಾರಸು ಇಲ್ಲ.’ ನೀನು ಶಾಲೆಯ ಆಟಕ್ಕೆ ಬಂದಿದ್ದೆ ಎಂಬುದೇ ನನಗೆ ಆಗ ಗೊತ್ತಾದದ್ದು. ಎಲ್ಲಿ ಕೂತಿದ್ದೆಯೋ, ಕಾಣಿಸಿರಲಿಲ್ಲ.

ಒಳಗೆ ಬಂದು ನಕ್ಷೆ ಕೊಟ್ಟೆ. "ಆಲೂಗೆಡ್ಡೆ ಈಚೆ ಕೊಡು" ಎಂದು ನೀನು ಕೇಳಿದೆ, ನಾನು ಕೊಟ್ಟೆ. ಆ ಬೇಸಿಗೆ ಮುಗಿದ ಮೇಲೆ ನಾನು ಎಸೆಯಲಿಲ್ಲ. ನನಗೆ ಬೇಸರ ಬಂತು ಎಂದು ನೀನು ತಿಳಿದುಕೊಂಡೆ, ಅಲ್ಲವೇ?

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂದು ನನಗೂ ತಿಳಿಯದು. ಬೇಡ ಎಂದು ಬರಿ. ಸಾಕು.

ರಸೆಲ್

—

ಲಿಂಕನ್, ನೆಬ್ರಾಸ್ಕಾ
ಜುಲೈ 22, 1988

ರಸೆಲ್,

ಮೊದಲು ವರದಿ. ಟಾಲಿವರ್, ಗ್ಯಾರಿ. ಬಲಗೈ. 33. ಮೊಣಕೈ ಸವೆದಿದೆ. ಈ ವರ್ಷ ಪೂರ್ತಿ ಎಸೆಯುತ್ತಾನೆ, ಮುಂದಿನ ವರ್ಷ ಅರ್ಧ. ಆಮೇಲಿಲ್ಲ. ಕುಬಾತ್‌ನನ್ನು ಕೊಟ್ಟು ಇವನನ್ನು ತರಬೇಕು ಎಂದು ಶಿಫಾರಸು ಮಾಡುತ್ತೇನೆ.

ನೀನು ಕೇಳಿದ್ದು ಇದಲ್ಲ ಎಂದು ಗೊತ್ತು. ಆದರೂ ಓದು.

ವೆಸ್ಲಿ ದೊಡ್ಡ ಆಟಗಾರನಾಗುತ್ತಾನೆ. ಮೂರು ವರ್ಷದ ಮೇಲೆ. ಅಷ್ಟರಲ್ಲಿ ನಿನ್ನ ತಂಡದ ಶಾರ್ಟ್‌ಸ್ಟಾಪ್‌ಗೆ, ಒಳಮೈದಾನದಲ್ಲಿ ಚೆಂಡು ತಡೆಯುವವನಿಗೆ, ಮೂವತ್ತೊಂಬತ್ತಾಗುತ್ತದೆ. ಈಗಲೇ ಮಂಡಿಗೆ ಪಟ್ಟಿ ಸುತ್ತಿಕೊಂಡು ಓಡುತ್ತಾನೆ. ನಿನ್ನ ಕ್ಯಾಚರ್ ಆಟ ಬಿಟ್ಟು ಮನೆಗೆ ಹೋಗಿರುತ್ತಾನೆ. ಈ ಇಪ್ಪತ್ತೈದು ಮಂದಿ ಒಟ್ಟಿಗೆ ಗೆಲ್ಲುವ ವರ್ಷವೊಂದಿದ್ದರೆ ಅದು ಇದೇ. ಅವರಿಗೆ ಬೇಕಾದದ್ದು ಒಬ್ಬನೇ ಒಬ್ಬ. ಅವನು ಸಿಕ್ಕಿದ್ದಾನೆ. ಬಾರದ ವರ್ಷಕ್ಕಾಗಿ ಇರುವ ವರ್ಷವನ್ನು ಕೈಬಿಡು ಎಂದು ನಾನು ಹೇಗೆ ಬರೆಯಲಿ?

ವೆಸ್ಲಿಯನ್ನು ಕೊಡಬೇಡ ಎಂದು ಮೇ ತಿಂಗಳಲ್ಲಿ ಬರೆದೆನಲ್ಲ, ಅದು ತಂಡಕ್ಕಾಗಿ ಎಂದುಕೊಂಡಿದ್ದೆ. ಪೋರ್ಟ್‌ಲ್ಯಾಂಡಿನಿಂದ ಇಲ್ಲಿ ಮನೆಗೆ ಮೂರು ದಿನ ಕಾರು ಓಡಿಸಿದೆ, ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅದು ನನಗಾಗಿ. ಅವನು ನಾನು ಹುಡುಕಿದ ಕೊನೆಯ ಹುಡುಗ. ಅವನು ಹೋದರೆ ಬೆಳಿಗ್ಗೆ ಎದ್ದು ಯಾರ ಆಟ ನೋಡಲು ಹೋಗಲಿ?

ಇನ್ನು ಆ ಕಾರ್ಡು. ಹೌದು, ನಾನೇ ಬರೆದದ್ದು. ಬಲಗಡೆಯ ಬೇಲಿಯ ಹಿಂದೆ, ಕಾರಿನೊಳಗೇ ಕೂತು ನೋಡಿದೆ. ಬರೆಯಬೇಡಿ ಎಂದು ನಿಮ್ಮಮ್ಮ ಹೇಳಿದ್ದಳು. "ಅವನೊಬ್ಬನ್ನ ಸುಮ್ನೆ ಅಪ್ಪನ ಥರ ನೋಡೋಕಾಗಲ್ವಾ ನಿಮ್ಗೆ?" ಎಂದಳು. ಆಗಲಿಲ್ಲ. ಟಾಲಿವರ್ ವಿಷಯದಲ್ಲಿ ನಾನು ತಪ್ಪಿದೆ. ನಿನ್ನ ವಿಷಯದಲ್ಲೂ ತಪ್ಪಿದ್ದಿರಬಹುದೇ ಎಂದು ಆ ಮೆಟ್ಟಿಲ ಮೇಲೆ ಕೂತಾಗ ಅನ್ನಿಸಿತು. ನಿನ್ನ ತೋಳಿನ ವಿಷಯದಲ್ಲಿ ತಪ್ಪಿಲ್ಲ ಎಂದೇ ಈಗಲೂ ನನ್ನ ಲೆಕ್ಕ. ಆದರೆ ಅದನ್ನು ಮೇಜಿನೆದುರು ಕೂತು ನಿನ್ನ ಮುಖ ನೋಡಿ ಹೇಳಬೇಕಿತ್ತು. ಹೇಳದೆ ನಕ್ಷೆಯ ಕೆಳಗೆ ಇಟ್ಟೆ. ಅದು ನನ್ನ ಹೇಡಿತನ.

ಒಂದು ಕೇಳಿಕೆ. ವಿನಿಮಯ ನಿಶ್ಚಯವಾದರೆ ಒಂದು ದಿನ ತಡೆದು ಪ್ರಕಟಿಸು. ವೆಸ್ಲಿಗೆ ನಾನೇ ಹೋಗಿ ಹೇಳುತ್ತೇನೆ.

ಅಪ್ಪ

—

ಟಪೀಕಾ
ಆಗಸ್ಟ್ 1, 1988

ರಸೆಲ್,

ನಾನು ತಲುಪುವಷ್ಟರಲ್ಲಿ ರೇಡಿಯೋ ಹೇಳಿಬಿಟ್ಟಿತ್ತು. ಪೋರ್ಟ್‌ಲ್ಯಾಂಡಿನವರ ಕಡೆಯಿಂದ ಸುದ್ದಿ ಸೋರಿತೆಂದು ಲೊರೇನ್ ಹೇಳಿದಳು. ಇರಲಿ. ನೀನು ತಡೆಯಲು ನೋಡಿದೆ ಎಂದು ನಂಬುತ್ತೇನೆ.

ವೆಸ್ಲಿ ಬಸ್ ನಿಲ್ದಾಣದಲ್ಲಿದ್ದ. ಕಾಲ ಬಳಿ ಒಂದೇ ಚೀಲ. ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನಾನು ಬೆಂಚಿನ ಮೇಲೆ ಕೂತೆ.

"ನೀವೇ ಬರೆದ್ರಾ?" ಎಂದ.

"ನಾನೇ. ಕೊಟ್ಬಿಡಿ ಅಂತ ಬರೆದೆ."

ಅಗಿಯುತ್ತಲೇ ಇದ್ದ. ಎರಡು ವರ್ಷದ ಹಿಂದೆ ಅವನ ಊರು ವಿಲ್ಬರ್‌ನಲ್ಲಿ ಅವನ ಅಮ್ಮ ನಾರ್ಮಾಳ ಅಡುಗೆಮನೆಯಲ್ಲಿ ಕೂತು, ಇವನನ್ನು ನನ್ನ ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವಳು ಶಾಲೆಯ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಗಟ್ಟಿ ಹೆಂಗಸು. ನಿನ್ನೆ ಫೋನ್ ಮಾಡಿದೆ, ನನ್ನ ಹೆಸರು ಕೇಳಿ ಇಟ್ಟುಬಿಟ್ಟಳು.

"ನನ್ನ ಬಗ್ಗೆ ಏನಂತ ಬರೆದ್ರಿ?" ಎಂದು ಕೇಳಿದ.

ಮುಖ ನೋಡಿಕೊಂಡೇ ಹೇಳಿದೆ. "ಮೂರು ವರ್ಷದಲ್ಲಿ ದೊಡ್ಡ ಆಟಗಾರ ಆಗ್ತಾನೆ ಅಂತ ಬರೆದೆ. ನಮ್ಗೆ ಮೂರು ವರ್ಷ ಕಾಯೋಕಾಗಲ್ಲ ಅಂತ ಬರೆದೆ. ಎರಡೂ ನಿಜ. ನಿನ್ನ ಇಟ್ಕೊಳ್ಳಿ ಅಂತ ಬರೆಯೋಕೆ ನಂಗೆ ತುಂಬಾ ಆಸೆ ಇತ್ತು. ಅದೂ ನಿಜ."

ಅವನು ಅಳುತ್ತಾನೆ ಅಥವಾ ಬೈಯುತ್ತಾನೆ ಎಂದುಕೊಂಡಿದ್ದೆ. ಉಳಿದರ್ಧ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. "ಅಲ್ಲಿ ಸಿಕ್ಕಾಪಟ್ಟೆ ಮಳೆಯಂತೆ, ಹೌದಾ?" ಎಂದ.

"ಚಳಿಗಾಲದಲ್ಲಿ ಹೌದು."

"ನೀವು ಬರ್ತೀರಾ ನೋಡೋಕೆ?"

ಬರುತ್ತೇನೆ ಎಂದು ನಾಲಿಗೆಯ ತುದಿಗೆ ಬಂತು. "ಇಲ್ಲ ಕಣೋ. ನೀನೀಗ ಬೇರೆಯವರ ಹುಡುಗ" ಎಂದೆ. ತಲೆಯಾಡಿಸಿದ. ಬಸ್ಸು ಬಂತು. ಹತ್ತುವ ಮೊದಲು ಕೈ ಕೊಟ್ಟ. ಬಸ್ಸು ಹೊರಟ ಮೇಲೂ ನಾನು ಆ ಬೆಂಚಿನ ಮೇಲೇ ಬಹಳ ಹೊತ್ತು ಕೂತಿದ್ದೆ, ಏಳಬೇಕು ಅನ್ನಿಸಲಿಲ್ಲ.

ಟಾಲಿವರ್‌ನನ್ನು ಚೆನ್ನಾಗಿ ನೋಡಿಕೊಳ್ಳಿ. ಎಸೆದ ಮಾರನೆಯ ದಿನ ಯಾರೂ ಅವನ ಕೈ ಕುಲುಕದಿರಲಿ.

ಅಪ್ಪ

—

ಗ್ರೇಸನ್‌ಪೋರ್ಟ್
ಅಕ್ಟೋಬರ್ 4, 1988

ಅಪ್ಪಾ,

ಎರಡು ತಿಂಗಳು ಬರೆಯಲಿಲ್ಲ. ಪತ್ರಿಕೆಯಲ್ಲಿ ಓದಿರುತ್ತೀಯ, ಆದರೂ ನಾನು ಕಂಡದ್ದನ್ನು ಹೇಳುತ್ತೇನೆ.

ಟಾಲಿವರ್ ಬಂದ ಮೇಲೆ ಹನ್ನೊಂದು ಆಟ ಎಸೆದ, ಎಂಟು ಗೆದ್ದ. ಸೆಪ್ಟೆಂಬರ್ ಕೊನೆಗೆ ನಾವು ಮೇಲಿನವರಿಗೆ ಸಮನಾಗಿ ಬಂದೆವು. ಎಲ್ಲವೂ ಭಾನುವಾರದ ಕೊನೆಯ ಆಟಕ್ಕೆ ನಿಂತಿತು. ಅವನು ಗುರುವಾರವಷ್ಟೇ ಎಸೆದಿದ್ದ. ಶನಿವಾರ ನನ್ನ ಕೋಣೆಗೆ ಬಂದು, "ನಾಳೆ ನಾನೇ ಎಸೀತೀನಿ" ಎಂದ. ಕೂದಲು ಕೆದರಿತ್ತು. ನಾನು ಅದನ್ನೇ ನೋಡುತ್ತಿದ್ದುದು ಅವನಿಗೆ ಗೊತ್ತಾಯಿತು. "ನಿಮ್ಮಪ್ಪ ಹೇಳಿದ್ರಾ?" ಎಂದು ನಕ್ಕ. "ನನ್ನ ತಡೀಬೇಡಿ. ಇದಕ್ಕೇ ಬಂದಿದ್ದು" ಎಂದ.

ಒಂಬತ್ತೂ ಇನಿಂಗ್ಸ್ ಎಸೆದ. ಎರಡು-ಒಂದರಲ್ಲಿ ಸೋತೆವು. ಅವರಿಗೆ ಎರಡನೆಯ ರನ್ನು ಬಂದದ್ದು ಶಾರ್ಟ್‌ಸ್ಟಾಪ್‌ನ ಮಂಡಿ ಮಡಚಿಕೊಂಡು ಚೆಂಡು ಅವನ ಕೈಗವಸಿನ ಕೆಳಗೆ ಹೋದಾಗ. ಟಾಲಿವರ್ ಓಡಿಹೋಗಿ ಅವನನ್ನು ಎಬ್ಬಿಸಿದ. ಜನ ಎದ್ದು ನಿಂತಿದ್ದರು. ಸೋತ ಮೇಲೂ ಹತ್ತು ನಿಮಿಷ ಯಾರೂ ಮನೆಗೆ ಹೋಗಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ನಮ್ಮೂರು ಅಷ್ಟು ಹತ್ತಿರ ಹೋಗಿರಲಿಲ್ಲ.

ವೆಸ್ಲಿಯನ್ನು ಪೋರ್ಟ್‌ಲ್ಯಾಂಡಿನವರು ಸೆಪ್ಟೆಂಬರ್‌ನಲ್ಲಿ ದೊಡ್ಡ ತಂಡಕ್ಕೆ ಸೇರಿಸಿಕೊಂಡರು, ಗೊತ್ತಿರಬೇಕು. ಮೊದಲ ಆಟದಲ್ಲಿ ಚೆನ್ನಾಗಿ ಹೊಡೆಸಿಕೊಂಡ. ಎರಡನೆಯದರಲ್ಲಿ ಯಾರಿಗೂ ಚೆಂಡು ಮುಟ್ಟಲಾಗಲಿಲ್ಲ.

ನಿನ್ನೆ ಕ್ರಾಂಟ್ಸ್ ಅವರು ಕರೆಸಿದ್ದರು. ನನ್ನ ಕೆಲಸ ಮುಗಿಯಿತು. ಕೋಣೆ ಖಾಲಿ ಮಾಡುತ್ತಿದ್ದೇನೆ. ನಿನ್ನ ಕೆಲಸಕ್ಕೆ ಏನೂ ತೊಂದರೆಯಿಲ್ಲ, ನೀನು ಚಿಂತೆ ಮಾಡಬೇಡ. ನನಗೆ ದುಃಖವಿಲ್ಲ, ಸುಸ್ತಾಗಿದೆ ಅಷ್ಟೆ. ಮನೆಗೆ ಹೋದರೆ ಮಲಗಿಬಿಡಬೇಕು ಎನ್ನಿಸುತ್ತದೆ.

ರಸೆಲ್

—

ಲಿಂಕನ್
ಅಕ್ಟೋಬರ್ 9, 1988

ರಸೆಲ್,

ಲೊರೇನ್‌ಗೆ ಫೋನ್ ಮಾಡಿದ್ದೆ. ನೀನು ಬರೆಯದೆ ಬಿಟ್ಟದ್ದನ್ನು ಅವಳು ಹೇಳಿದಳು. ಕ್ರಾಂಟ್ಸ್ ಅವರು, "ಆ ಹುಡುಗನ್ನ ಕೊಡು ಅಂತ ಹೇಳಿದವ್ರು ಯಾರು?" ಎಂದು ಕಿರುಚಿದರಂತೆ. ನೀನು, "ಯಾರೂ ಇಲ್ಲ, ನಾನೇ" ಎಂದೆಯಂತೆ. ನನ್ನ ವರದಿ ಕಡತದಲ್ಲಿಲ್ಲವಂತೆ. ಎಲ್ಲಿಗೆ ಹೋಯಿತು ಎಂದು ಅವಳು ಕೇಳಿದ್ದಕ್ಕೆ ನೀನು ನಿನ್ನ ಕೋಟಿನ ಜೇಬನ್ನು ತಟ್ಟಿಕೊಂಡೆಯಂತೆ.

ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ಆದರೆ ನಾನು ಬರೆದದ್ದಕ್ಕೆ ಬೇರೆಯವರು ತಲೆ ಕೊಡುವುದು ನನಗೆ ಅಭ್ಯಾಸವಿಲ್ಲ. ಕ್ರಾಂಟ್ಸ್ ಅವರಿಗೆ ಎರಡು ಸಾಲು ಬರೆದೆ. ಶಿಫಾರಸು ನನ್ನದು, ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ. ರಾಜೀನಾಮೆ ಜೊತೆಗಿದೆ. ನಿನ್ನನ್ನು ವಾಪಸು ಕರೆಯಿರಿ ಎಂದು ಕೇಳಿಲ್ಲ. ಅವರು ಕರೆಯುವವರೂ ಅಲ್ಲ.

ಮಂಡಿಯೊಂದು ಮಡಚಿಕೊಂಡಿತು. ಅದನ್ನು ಯಾವ ವರದಿಯಲ್ಲಿ ಬರೆಯುವುದು?

ನಿನ್ನೆ ವೇಗದ ಯಂತ್ರವನ್ನೂ ಕಾರ್ಡುಗಳನ್ನೂ ಡಬ್ಬಿಗೆ ಹಾಕಿ ಕಟ್ಟಿಟ್ಟೆ. ಮನೆಯಲ್ಲಿ ಸದ್ದೇ ಇಲ್ಲ. ಬೆಳಿಗ್ಗೆ ಎದ್ದು ಶೂ ಹಾಕಿಕೊಂಡೆ, ಆಮೇಲೆ ಎಲ್ಲಿಗೆ ಎಂದು ಗೊತ್ತಾಗದೆ ಹಾಗೇ ಕುರ್ಚಿಯ ಮೇಲೆ ಕೂತಿದ್ದೆ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೆ ಬರುತ್ತೇನೆ. ಕಾರು ತರುವುದಿಲ್ಲ, ತಂದರೆ ದಾರಿಯಲ್ಲಿ ಯಾವುದಾದರೂ ಶಾಲೆಯ ಮೈದಾನ ಕಂಡು ನಿಲ್ಲಿಸಿಬಿಡುತ್ತೇನೆ. ನಿನಗೆ ತೊಂದರೆಯಾಗದಿದ್ದರೆ ನಾಲ್ಕು ದಿನ ಇರುತ್ತೇನೆ. ಅಡುಗೆ ನಾನು ಮಾಡುತ್ತೇನೆ, ನೀನು ಮಲಗಿರು.

ಈಗ ನಿಮ್ಮೂರಲ್ಲಿ ಯಾವ ಆಟವೂ ಇಲ್ಲ ಎಂದು ಗೊತ್ತಿದ್ದೇ ಬರುತ್ತಿದ್ದೇನೆ.

ಅಪ್ಪ